ಸ್ಯಾಕ್ರಮೆಂಟೋದಿಂದ ಬಂದ ದನದ ಗಂಟೆ

ಖಾರಘರದ ನಮ್ಮ ಮನೆಯ ಶೋಕೇಸಿನಲ್ಲಿ ಒಂದು ದನದ ಗಂಟೆ ಇದೆ. ಕುಂದಾಪುರ ಕಡೆಯಿಂದ ಯಾರೇ ಬಂದರೂ ಮೊದಲು ಕಣ್ಣು ಹೋಗುವುದು ಅದರ ಮೇಲೆ. "ಊರಿಂದ ತಂದದ್ದಾ? ಹಟ್ಟಿಯದ್ದಾ?" ಎಂದು ಕೇಳುತ್ತಾರೆ. ಅಲ್ಲ, ಅಮೆರಿಕದ್ದು ಎಂದರೆ ನಂಬುವುದಿಲ್ಲ. ತಂದಾಗ ಅದಕ್ಕೆ ನೇರಳೆ ಬಣ್ಣ ಇತ್ತು. ಮಗ ಬಾರಿಸಿ ಬಾರಿಸಿ ಬಣ್ಣವೆಲ್ಲ ಕಿತ್ತುಹೋಗಿ, ಈಗ ನೋಡಲು ಥೇಟ್ ನಮ್ಮೂರಿನ ಗಂಟೆಯ ಹಾಗೆಯೇ ಆಗಿದೆ. ಕೆಳಗಿನ ಮಹಡಿಯವರು ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ಸಲ ದೂರು ಹಾಕಿದ ಮೇಲೆ ಅದು ಶೋಕೇಸಿನ ಮೇಲಿನ ಹಲಗೆಗೆ ಏರಿತು.

ಆ ಗಂಟೆಯನ್ನು ನಾನು ಕೊಂಡದ್ದು 2023ರ ಏಪ್ರಿಲ್ 15ರಂದು, ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ, ಗೋಲ್ಡನ್ 1 ಸೆಂಟರ್ ಎಂಬ ಒಳಾಂಗಣ ಕ್ರೀಡಾಂಗಣದ ಹೊರಗೆ. ಒಳಗೆ ಅಂದು ಸ್ಯಾಕ್ರಮೆಂಟೋ ಕಿಂಗ್ಸ್ ಮತ್ತು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಗಳ ನಡುವೆ ಎನ್‌ಬಿಎ ಪ್ಲೇಆಫ್‌ನ ಮೊದಲ ಪಂದ್ಯ. ನಮ್ಮಲ್ಲಿ ಐಪಿಎಲ್‌ನ ಪ್ಲೇಆಫ್ ಇದೆಯಲ್ಲ, ಹಾಗೆಯೇ. ಆದರೆ ಅಲ್ಲಿ ಒಂದೇ ಪಂದ್ಯಕ್ಕೆ ತೀರ್ಮಾನವಿಲ್ಲ, ಏಳರಲ್ಲಿ ನಾಲ್ಕು ಗೆಲ್ಲಬೇಕು. ಕಿಂಗ್ಸ್ ತಂಡ ಪ್ಲೇಆಫ್ ಆಡದೆ ಆಗಲೇ ಹದಿನಾರು ಸೀಸನ್ ಕಳೆದಿತ್ತು. ಎನ್‌ಬಿಎ ಇತಿಹಾಸದಲ್ಲೇ ಅಷ್ಟು ದೀರ್ಘ ಬರಗಾಲ ಬೇರಾವ ತಂಡಕ್ಕೂ ಬಂದಿರಲಿಲ್ಲ. ಕೊನೆಯ ಸಲ ಆಡಿದ್ದು 2006ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಅಂದು ಕಾಲೇಜಿನ ಹೊಸ್ತಿಲಲ್ಲಿದ್ದರು.

ನಾನು ಅಲ್ಲಿಗೆ ಹೋದದ್ದು ಬಾಸ್ಕೆಟ್‌ಬಾಲ್ ನೋಡಲು ಅಲ್ಲ, ಪ್ರಾಜೆಕ್ಟಿನ ಕೆಲಸಕ್ಕೆ. ಮೂರೂವರೆ ತಿಂಗಳು. ವಾಸ ಫೋಲ್ಸಮ್ ಎಂಬ ಉಪನಗರದಲ್ಲಿ. ಅಲ್ಲಿ ವಾರಾಂತ್ಯದ ಪಾರ್ಕಿನಲ್ಲಿ ಕಿವಿ ತೆರೆದು ಕೂತರೆ ತೆಲುಗು, ತಮಿಳು, ಹಿಂದಿ, ಆಗೊಮ್ಮೆ ಈಗೊಮ್ಮೆ ಕನ್ನಡ ಎಲ್ಲ ಕೇಳುತ್ತದೆ. ಕ್ಲೈಂಟ್ ಕಡೆಯ ತಂಡದಲ್ಲಿ ಅರವತ್ತು ದಾಟಿದ ಒಬ್ಬ ಮಹಿಳೆ ಇದ್ದರು. ಅವರ ಮೇಜಿನ ಮೇಲೆ ಯಾವಾಗಲೂ ಒಂದು ತಾಮ್ರದ ಬಣ್ಣದ ಗಂಟೆ. ಮೀಟಿಂಗ್ ಉದ್ದವಾದರೆ ಒಮ್ಮೆ ಅಲ್ಲಾಡಿಸುತ್ತಿದ್ದರು. ಮೊದಲ ವಾರ ನಾನು ಅದನ್ನು ಎತ್ತಿ ನೋಡಿ, ನಮ್ಮೂರಿನಲ್ಲೂ ದನದ ಕೊರಳಿಗೆ ಇಂಥದ್ದೇ ಕಟ್ಟುತ್ತೇವೆ ಎಂದೆ. ಅವರು ನಕ್ಕು, ನಮ್ಮೂರಿನಲ್ಲಿ ದನಕ್ಕಲ್ಲ, ಮನುಷ್ಯರಿಗೇ ಕಟ್ಟಿದ್ದೇವೆ ಎಂದು ಕತೆ ಶುರು ಮಾಡಿದರು.

ಕತೆ ಹೀಗೆ. ಎರಡು ಸಾವಿರದ ಆಸುಪಾಸಿನಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡದ ಕೋಚ್ ಆಗಿದ್ದ ಫಿಲ್ ಜಾಕ್ಸನ್, ಸ್ಯಾಕ್ರಮೆಂಟೋವನ್ನು 'ದನಗಳ ಊರು' ಎಂದು ಹಂಗಿಸಿದರು. ಊರಿನ ಜನ ಸಿಟ್ಟಾಗಿ ಪ್ರತಿಭಟನೆ ಮಾಡಲಿಲ್ಲ, ಪತ್ರ ಬರೆಯಲಿಲ್ಲ. ಮುಂದಿನ ಪಂದ್ಯಗಳಿಗೆ ಸಾವಿರಾರು ಜನ ದನದ ಗಂಟೆ ಹಿಡಿದುಕೊಂಡು ಬಂದು ಲೇಕರ್ಸ್ ಆಟಗಾರರ ಕಿವಿ ಕಿವುಡಾಗುವಷ್ಟು ಬಾರಿಸಿದರು. ಅಲ್ಲಿಂದ ಗಂಟೆಯೇ ಊರಿನ ಗುರುತಾಯಿತು. 2002ರಲ್ಲಿ ಅದೇ ಲೇಕರ್ಸ್ ವಿರುದ್ಧ ಏಳು ಪಂದ್ಯಗಳ ಸೆಮಿಫೈನಲ್ ಸರಣಿ. ಕಿಂಗ್ಸ್ ಏಳನೆಯದರಲ್ಲಿ ಸೋತಿತು. ಆರನೆಯ ಪಂದ್ಯದ ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕಿದ್ದನ್ನು ಆ ಮಹಿಳೆ ಇವತ್ತಿಗೂ ಮರೆತಿಲ್ಲ. ಇಪ್ಪತ್ತು ವರ್ಷ ಕಳೆದರೂ ಅಂಪೈರ್‌ಗಳನ್ನು ಬಯ್ಯುವ ಆ ಧಾಟಿ ನನಗೆ ಬಹಳ ಪರಿಚಿತ ಅನ್ನಿಸಿತು. ನಮ್ಮ ಚಾಳಿನಲ್ಲಿ ಶಾರ್ಜಾದ ಮಿಯಾಂದಾದ್ ಸಿಕ್ಸರಿನ ಬಗ್ಗೆ ಹಿರಿಯರು ಮಾತಾಡುವುದು ಹೀಗೇ ಅಲ್ಲವೇ?

ಸ್ಯಾಕ್ರಮೆಂಟೋ ನನಗೆ ಬೇಗ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಅದು ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 140 ಕಿಲೋಮೀಟರ್ ದೂರದ ಊರು. ಎರಡು ನದಿಗಳು ಸೇರುವ ಜಾಗ, ಸುತ್ತ ಟೊಮೆಟೊ, ಬಾದಾಮಿ, ಭತ್ತದ ಗದ್ದೆ. ರಾಜಧಾನಿ ಎಂಬ ಹೆಸರಿದ್ದರೂ ಯಾರೂ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ನಾವು ಖಾರಘರದವರು ಇದನ್ನು ವಿವರಿಸದೆಯೇ ಅರ್ಥಮಾಡಿಕೊಳ್ಳುತ್ತೇವೆ. "ಮುಂಬಯಿಯಲ್ಲಿ ಎಲ್ಲಿ?" ಎಂದು ಕೇಳುತ್ತಾರೆ, "ಖಾರಘರ" ಎನ್ನುತ್ತೇವೆ, "ಓ, ಅಷ್ಟು ದೂರವಾ!" ಎನ್ನುತ್ತಾರೆ. ಮಾಟುಂಗಾದಲ್ಲಿ ಸಂಜೆ ಕಾರ್ಯಕ್ರಮ ಮುಗಿಸಿ ಹಾರ್ಬರ್ ಲೈನಿನ ಕೊನೆಯ ಗಾಡಿ ಹಿಡಿದು ಮನೆ ಸೇರಿದವರಿಗೆ, ದೊಡ್ಡ ಊರಿನ ನೆರಳಿನಲ್ಲಿ ಬದುಕುವುದು ಏನೆಂದು ಗೊತ್ತು. ಆ ವಾರಿಯರ್ಸ್ ತಂಡ ಇರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹಿಂದಿನ ವರ್ಷವಷ್ಟೇ ಚಾಂಪಿಯನ್ ಆದವರು. ಸ್ಟೀಫನ್ ಕರ್ರಿಯಂಥ ಆಟಗಾರ ಇರುವ ತಂಡ. ಹಾಗಾಗಿ ಅಂದಿನ ಪಂದ್ಯ ಎಂದರೆ ನವಿ ಮುಂಬಯಿ ತಂಡವೊಂದು ಮುಂಬಯಿಯನ್ನು ತನ್ನ ಅಂಗಳಕ್ಕೆ ಕರೆಸಿಕೊಂಡು ಆಡಿದ ಹಾಗೆ.

ಬಾಸ್ಕೆಟ್‌ಬಾಲ್ ನನ್ನ ಆಟ ಅಲ್ಲ, ಅಪ್ಪಯ್ಯನದ್ದು. ಅವರು ಆಡಿದವರೂ ಅಲ್ಲ, ನೋಡಿದವರು.

1967ರಲ್ಲಿ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು ನಾಗಪಾಡಾ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದರು. ಸಂಜೆ ಕನ್ನಡ ರಾತ್ರಿ ಶಾಲೆ. ಶಾಲೆಯಿಂದ ಹೋಟೆಲಿಗೆ ಮರಳುವ ದಾರಿಯಲ್ಲಿ ನಾಗಪಾಡಾದ ಬಾಸ್ಕೆಟ್‌ಬಾಲ್ ಅಂಗಳ. ಆ ಪ್ರದೇಶ ಅದಕ್ಕೆ ಹೆಸರುವಾಸಿ. ಅಮೆರಿಕನ್ ಮರಾಠಿ ಮಿಷನ್ನಿನವರು 1920ರ ದಶಕದಲ್ಲಿ ಅಲ್ಲಿ ನಾಗಪಾಡಾ ನೇಬರ್‌ಹುಡ್ ಹೌಸ್ ಕಟ್ಟಿದ್ದರು. ನಡೆಸಿದವರು ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಇವತ್ತು ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಹುಟ್ಟಿದ್ದು ಕೂಡ ಅದೇ ಕಟ್ಟಡದಲ್ಲಿ. ಬಾಸ್ಕೆಟ್‌ಬಾಲ್ ನಮ್ಮ ದೇಶಕ್ಕೆ ಬಂದದ್ದೇ ವೈಎಂಸಿಎ ಮತ್ತು ಮಿಷನರಿಗಳ ಜೊತೆ. ಮುಂಬಯಿಯಲ್ಲಿ ಅದು ಬೇರು ಬಿಟ್ಟದ್ದು ಜಿಮ್‌ಖಾನಾಗಳಲ್ಲಿ ಮಾತ್ರವಲ್ಲ, ನಾಗಪಾಡಾದಂಥ ಗಿಜಿಗುಡುವ ಬಡ ಮೊಹಲ್ಲಾದಲ್ಲಿ. ಅಬ್ಬಾಸ್ ಮುಂತಸಿರ್ ಅಲ್ಲಿಯವರು. ಭಾರತ ತಂಡದ ನಾಯಕರಾಗಿದ್ದವರು, 1970ರ ಅರ್ಜುನ ಪ್ರಶಸ್ತಿ ಪಡೆದವರು. ಅಪ್ಪಯ್ಯ ಅವರ ಆಟವನ್ನು ತಂತಿಬೇಲಿಯ ಹೊರಗೆ ನಿಂತು ನೋಡಿದ್ದಾರೆ. ಕೈಯಲ್ಲಿ ಸ್ಲೇಟು ಪುಸ್ತಕ, ಹೋಟೆಲಿಗೆ ತಡವಾಯಿತೆಂಬ ಹೆದರಿಕೆ, ಆದರೂ ಕಾಲು ಕೀಳುತ್ತಿರಲಿಲ್ಲವಂತೆ. ಚೆಂಡು ಬೇಲಿ ದಾಟಿ ರಸ್ತೆಗೆ ಬಂದರೆ ಎತ್ತಿ ಎಸೆಯುವ ಹುಡುಗರ ಪೈಕಿ ಅವರೂ ಒಬ್ಬರು. "ನಾ ಬಾಸ್ಕೆಟ್‌ಬಾಲ್ ಮುಟ್ಟದ್ದ್ ಅಷ್ಟೇ" ಎನ್ನುತ್ತಾರೆ.

ಹಾಗಾಗಿಯೇ 2019ರ ಅಕ್ಟೋಬರಿನಲ್ಲಿ ಎನ್‌ಬಿಎ ಮೊದಲ ಬಾರಿ ಭಾರತಕ್ಕೆ ಬಂದಾಗ, ನನ್ನ ಜೇಬಿಗೆ ಮೀರಿದ್ದಾದರೂ ಮೂರು ಟಿಕೆಟ್ ತೆಗೆದಿದ್ದೆ. ಅಪ್ಪಯ್ಯ, ನಾನು, ಆಗ ಎಂಟು ವರ್ಷದ ಮಗ. ವರ್ಲಿಯ ಎನ್‌ಎಸ್‌ಸಿಐ ಡೋಮ್. ಕಾಕತಾಳೀಯವೆಂದರೆ ಅಂದು ಬಂದ ಎರಡು ತಂಡಗಳಲ್ಲಿ ಒಂದು ಇದೇ ಸ್ಯಾಕ್ರಮೆಂಟೋ ಕಿಂಗ್ಸ್, ಇನ್ನೊಂದು ಇಂಡಿಯಾನಾ ಪೇಸರ್ಸ್. ಅಕ್ಟೋಬರ್ 4ರ ಪಂದ್ಯ ಶಾಲಾ ಮಕ್ಕಳಿಗೆ ಮೀಸಲು. ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಕೂತು ನೋಡಿದ ಆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಪೇಸರ್ಸ್ 132-131ರಿಂದ ಗೆದ್ದಿತು. ನಾವು ಹೋದದ್ದು ಮರುದಿನದ ಪಂದ್ಯಕ್ಕೆ. ಅದರಲ್ಲೂ ಪೇಸರ್ಸ್‌ಗೇ ಗೆಲುವು, 130-106. ಜಗಮಗಿಸುವ ದೀಪ, ಸಿನಿಮಾದವರು, ಡಿಜೆ. ಮಗ ಕುಣಿದ. ನನಗೂ ಖುಷಿಯಾಯಿತು. ವಾಪಸು ಬರುವಾಗ ಲೋಕಲ್ ಗಾಡಿಯಲ್ಲಿ ಅಪ್ಪಯ್ಯನನ್ನು ಹೇಗಿತ್ತು ಎಂದು ಕೇಳಿದೆ. ವಾಶಿ ಸೇತುವೆ ದಾಟುವವರೆಗೆ ಏನೂ ಹೇಳಲಿಲ್ಲ. ಆಮೇಲೆ, "ಆಟ ಲಾಯ್ಕಿತ್ತ್. ಆದ್ರೆ ಅದ್ ಸ್ಪೀಕರಿನ್ ಗಲಾಟಿ ಮಗಾ, ಜನ್ರದ್ದಲ್ಲ" ಎಂದರು.

ಆ ಮಾತು ನನಗೆ ಸ್ವಲ್ಪ ಚುಚ್ಚಿತ್ತು. ಟಿಕೆಟಿನ ದುಡ್ಡು ನೆನಪಾಗಿತ್ತು ಎನ್ನುವುದೂ ನಿಜ.

ಕಿಂಗ್ಸ್ ತಂಡ ಮುಂಬಯಿಗೆ ಬಂದದ್ದರ ಹಿಂದೆ ಒಬ್ಬ ಮುಂಬಯಿಕರ್ ಇದ್ದಾರೆ. ತಂಡದ ಒಡೆತನದ ಗುಂಪಿನ ಮುಖ್ಯಸ್ಥ ವಿವೇಕ್ ರಣದಿವೆ ಹುಟ್ಟಿ ಬೆಳೆದದ್ದು ಜುಹೂದಲ್ಲಿ. ಅವರೇ ಹೇಳಿಕೊಳ್ಳುವ ಪ್ರಕಾರ ಎಂಐಟಿಗೆ ಓದಲು ಹೊರಟಾಗ ವಿದೇಶಿ ವಿನಿಮಯಕ್ಕಾಗಿ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ಕಾದು ಕೂತಿದ್ದರು, ಜೇಬಿನಲ್ಲಿದ್ದದ್ದು ಐವತ್ತು ಡಾಲರ್. ಮುಂದೆ ಟಿಬ್ಕೋ ಎಂಬ ಸಾಫ್ಟ್‌ವೇರ್ ಕಂಪನಿ ಕಟ್ಟಿದರು. ನಮ್ಮ ವೃತ್ತಿಯ ಹಳಬರು ಅದರ ಹೆಸರು ಕೇಳದೆ ಇರುವುದಿಲ್ಲ. ಬಾಸ್ಕೆಟ್‌ಬಾಲ್ ಎಂದೂ ಆಡದ ಈ ಮನುಷ್ಯ ಮಗಳ ಶಾಲಾ ವಯಸ್ಸಿನ ತಂಡಕ್ಕೆ ಕೋಚ್ ಆಗಿ, ಎದುರಾಳಿ ಚೆಂಡು ಒಳಗೆ ಎಸೆಯುವಾಗಲೇ ಇಡೀ ಅಂಗಳದುದ್ದಕ್ಕೂ ಮುತ್ತಿಗೆ ಹಾಕುವ ಉಪಾಯದಿಂದ ಆ ಸಾಧಾರಣ ಹುಡುಗಿಯರನ್ನು ರಾಷ್ಟ್ರಮಟ್ಟಕ್ಕೆ ಕೊಂಡೊಯ್ದ ಕತೆಯನ್ನು ಮಾಲ್ಕಂ ಗ್ಲಾಡ್‌ವೆಲ್ 2009ರಲ್ಲಿ ಬರೆದಿದ್ದಾರೆ. 2013ರಲ್ಲಿ ಕಿಂಗ್ಸ್ ತಂಡವನ್ನು ಸಿಯಾಟಲ್ ನಗರಕ್ಕೆ ಸಾಗಿಸುವ ವ್ಯವಹಾರ ಬಹುತೇಕ ಮುಗಿದೇ ಹೋಗಿತ್ತು. ಆಗ ಮೇಯರ್ ಆಗಿದ್ದ, ತಾನೂ ಎನ್‌ಬಿಎ ಆಟಗಾರನಾಗಿದ್ದ ಕೆವಿನ್ ಜಾನ್ಸನ್ ಖರೀದಿದಾರರನ್ನು ಹುಡುಕಿದರು. ಊರಿನವರು ಬೀದಿಗಿಳಿದರು. ಲೀಗಿನ ತಂಡಗಳ ಮಾಲೀಕರು 22-8 ಮತಗಳಿಂದ ಸ್ಥಳಾಂತರವನ್ನು ತಳ್ಳಿಹಾಕಿದರು. ರಣದಿವೆ ಗುಂಪು ತಂಡವನ್ನು ಕೊಂಡಿತು.

ಇಷ್ಟು ಹೇಳಿ ನಮ್ಮವನೆಂದು ಎದೆ ಉಬ್ಬಿಸಿದರೆ ಅರ್ಧ ಸತ್ಯ ಆಗುತ್ತದೆ. ಮೇಲೆ ಹೇಳಿದ ಬರಗಾಲದಲ್ಲಿ ಹೆಚ್ಚಿನ ವರ್ಷಗಳು ಅವರದೇ ಕಾಲದವು. ಕೋಚುಗಳನ್ನು ಬದಲಾಯಿಸಿದ್ದಕ್ಕೆ, ಆಟಗಾರರನ್ನು ಆರಿಸುವುದರಲ್ಲಿ ಮೂಗು ತೂರಿಸಿದ್ದಕ್ಕೆ ಊರಿನವರು ಅವರನ್ನು ಬೇಕಾದಷ್ಟು ಬಯ್ದಿದ್ದಾರೆ. 2016ರಲ್ಲಿ ತೆರೆದ ಗೋಲ್ಡನ್ 1 ಸೆಂಟರ್ ಕಟ್ಟಲು ನಗರಸಭೆ 25 ಕೋಟಿ ಡಾಲರಿಗಿಂತ ಹೆಚ್ಚು ಹಾಕಿದ್ದನ್ನು ಪ್ರಶ್ನಿಸುವವರೂ ಇದ್ದಾರೆ. ನನ್ನ ಸಹೋದ್ಯೋಗಿ ಮಹಿಳೆ ಎರಡನ್ನೂ ಮಾಡುತ್ತಿದ್ದರು. ತಂಡ ಉಳಿಸಿದ್ದಕ್ಕೆ ಕೃತಜ್ಞತೆ, ಹತ್ತು ವರ್ಷ ಸೋಲಿಸಿದ್ದಕ್ಕೆ ಬೈಗುಳ, ಒಂದೇ ಉಸಿರಿನಲ್ಲಿ.

ಅವರ ಬಳಿ ಇಡೀ ಸೀಸನ್ನಿನ ಎರಡು ಟಿಕೆಟ್ ಇದ್ದವು, ಮೊದಲು ಅಪ್ಪನ ಜೊತೆ, ಆಮೇಲೆ ತಮ್ಮನ ಜೊತೆ ಬಳಸುತ್ತಿದ್ದದ್ದು. ಪ್ಲೇಆಫ್ ಹೊತ್ತಿಗೆ ತಮ್ಮನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ. ಆ ವಾರ ಟಿಕೆಟುಗಳು ಆನ್‌ಲೈನಿನಲ್ಲಿ ನೂರಾರು ಡಾಲರಿಗೆ ಮರುಮಾರಾಟ ಆಗುತ್ತಿದ್ದವು. ಅವರು ಕೇಳಿದ್ದು ತಾನು ಕೊಟ್ಟ ಬೆಲೆಯನ್ನಷ್ಟೇ. ಒಂದು ಷರತ್ತು ಇತ್ತು. "ಮೊಬೈಲಿನಲ್ಲಿ ಇಮೇಲ್ ನೋಡುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಕೂರುವ ಹಾಗೂ ಇಲ್ಲ."

ಶನಿವಾರ ಮಧ್ಯಾಹ್ನ ಫೋಲ್ಸಮ್‌ನಿಂದ ಲೈಟ್ ರೈಲ್ ಹತ್ತಿದೆ. ಸುಮಾರು ಒಂದು ಗಂಟೆಯ ದಾರಿ. ಮೊದಲ ನಿಲ್ದಾಣದಲ್ಲಿ ನನ್ನ ಬೋಗಿಯಲ್ಲಿ ನೇರಳೆ ಅಂಗಿಯವರು ಇಬ್ಬರು. ಪೇಟೆ ಹತ್ತಿರವಾಗುತ್ತಿದ್ದಂತೆ ನಿಲ್ಲಲು ಜಾಗವಿಲ್ಲ. ಗಣಪತಿ ವಿಸರ್ಜನೆಯ ದಿನ ನಮ್ಮ ಲೋಕಲ್ ಇರುವಂತೆ. ಯಾರೋ ಗಂಟೆ ಬಾರಿಸಿದರು, ಉಳಿದವರು ಓ ಎಂದರು. ಇಳಿದು ನಡೆದರೆ ಕ್ರೀಡಾಂಗಣದ ಮುಂದಿನ ಚೌಕದಲ್ಲಿ ಟಿಕೆಟ್ ಇಲ್ಲದ ಜನರ ಸಮುದ್ರ. ಒಳಗೆ ಹೋಗಲಾರರು, ಆದರೂ ಹತ್ತಿರ ಇರಬೇಕು. ಅಲ್ಲಿಯೇ ಒಬ್ಬನಿಂದ ಗಂಟೆ ಕೊಂಡೆ. ಮಗನಿಗೆಂದು ಡಿಆ್ಯರನ್ ಫಾಕ್ಸ್‌ನ 5ನೇ ಸಂಖ್ಯೆಯ ಜೆರ್ಸಿಯನ್ನೂ ಕೊಂಡೆ. ಡಾಲರನ್ನು 82ರಿಂದ ಗುಣಿಸುವುದನ್ನು ನಿಲ್ಲಿಸಬೇಕು ಎಂದು ಎಷ್ಟು ಸಲ ಅಂದುಕೊಂಡರೂ ತಲೆ ಗುಣಿಸಿಯೇ ಬಿಡುತ್ತದೆ. ಗುಣಿಸಿತು, ಎದೆ ಧಸಕ್ಕೆಂದಿತು, ಕೊಟ್ಟೆ.

ಟಿವಿಯಲ್ಲಿ ಬಾಸ್ಕೆಟ್‌ಬಾಲ್ ನೋಡಿದವರಿಗೆ ಗೊತ್ತಾಗದ ಸಂಗತಿ ಅದರ ವೇಗ ಅಲ್ಲ, ಅದರ ಹತ್ತಿರ. ಹದಿನೇಳೂವರೆ ಸಾವಿರ ಜನ ಕೂರುವ ಕಟ್ಟಡ. ಕ್ರಿಕೆಟಿಗೆ ಹೋಲಿಸಿದರೆ ಚಿಕ್ಕದು, ನಮ್ಮ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದ ಮೂರನೇ ಒಂದು ಪಾಲು. ಆದರೆ ಮೇಲೆ ಸೂರು ಇದೆ. ಕೂಗು ಆಕಾಶಕ್ಕೆ ಹೋಗುವುದಿಲ್ಲ, ಗೋಡೆಗೆ ಬಡಿದು ವಾಪಸು ನಮ್ಮ ತಲೆಯ ಮೇಲೇ ಬೀಳುತ್ತದೆ. ಆಟಗಾರರ ಬೂಟು ಮರದ ನೆಲಕ್ಕೆ ಉಜ್ಜುವ ಕೀಚ್ ಕೀಚ್ ಸದ್ದು ಮೇಲಿನ ಸಾಲಿಗೂ ಕೇಳುತ್ತದೆ. ಇನ್ನೊಂದು, ಆಟ ನಡೆಯುತ್ತಿರುವಾಗಲೇ ಸಂಗೀತ ನಡೆಯುತ್ತಿರುತ್ತದೆ. ಕ್ರಿಕೆಟಿನಲ್ಲಿ ಓವರ್ ಮುಗಿದ ಮೇಲೆ ಹಾಡು. ಇಲ್ಲಿ ಚೆಂಡು ಎದುರಾಳಿಯ ಕೈಯಲ್ಲಿದ್ದರೆ ಒಂದು ತಾಳ, ನಮ್ಮವರ ಕೈಗೆ ಬಂದರೆ ಇನ್ನೊಂದು. ವೇಷ ರಂಗಕ್ಕೆ ಬರುವಾಗ ಚೆಂಡೆಯವನು ಗತಿ ಏರಿಸುತ್ತಾನಲ್ಲ, ಆ ಲೆಕ್ಕ. ಎದುರಾಳಿ ದಾಳಿಗೆ ಬಂದಾಗ ಇಡೀ ಮನೆ "ಡೀ-ಫೆನ್ಸ್" ಎಂದು ಎರಡು ಪೆಟ್ಟಿನ ತಾಳಕ್ಕೆ ಕೂಗುತ್ತದೆ. ಅಂದು ಅದರ ಮೇಲೆ ಸಾವಿರಾರು ಗಂಟೆ.

ಆಟ ಗೊತ್ತಿಲ್ಲದವರಿಗೆ ಒಂದೇ ಒಂದು ನಿಯಮ ಹೇಳುತ್ತೇನೆ, ಉಳಿದದ್ದು ನೋಡುತ್ತಾ ಬರುತ್ತದೆ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಕಬಡ್ಡಿಯ ರೈಡರ್‌ಗೆ 30 ಸೆಕೆಂಡ್ ಇರುವ ಹಾಗೆ. ಮೊದಲು ಇದು ಇರಲಿಲ್ಲ. ಮುಂದಿರುವ ತಂಡ ಚೆಂಡು ಹಿಡಿದುಕೊಂಡು ಕಾಲ ಕಳೆಯುತ್ತಿತ್ತು. 1950ರಲ್ಲಿ ಒಂದು ಪಂದ್ಯ 19-18ಕ್ಕೆ ಮುಗಿದು ಜನ ಬೇಸತ್ತು ಹೋಗಿದ್ದರು. 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ಒಂದು ಲೆಕ್ಕ ಹಾಕಿದರು. ಜನ ಇಷ್ಟಪಟ್ಟ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. ಅಷ್ಟೇ, ಸಮಿತಿ ಇಲ್ಲ, ಸಲಹೆಗಾರರಿಲ್ಲ. ನಮ್ಮ ಆಫೀಸಿನಲ್ಲಿ ಒಂದು ಗುಂಡಿಯ ಬಣ್ಣ ಬದಲಾಯಿಸಲು ಎಷ್ಟು ಮೀಟಿಂಗ್ ಆಗುತ್ತವೆ ಎಂದು ನಿಮಗೆ ಗೊತ್ತಿದ್ದರೆ ಈ ಮನುಷ್ಯನ ಮೇಲೆ ನನಗಿರುವ ಗೌರವ ಅರ್ಥವಾಗುತ್ತದೆ.

ಪಂದ್ಯ ಶುರುವಾದದ್ದು ಅಲ್ಲಿಯ ಸಂಜೆ ಐದೂವರೆಗೆ. ಖಾರಘರದಲ್ಲಿ ಭಾನುವಾರ ಬೆಳಗಿನ ಆರು ಗಂಟೆ. ಅಪ್ಪಯ್ಯ ಮತ್ತು ಮಗ ಟಿವಿಯ ಮುಂದೆ ಕೂತಿದ್ದರು. ನಾನು ಕಣ್ಣಾರೆ ನೋಡಿದ್ದು ಅವರ ಪರದೆಗೆ ತಲುಪಲು ಅರ್ಧ ನಿಮಿಷವೋ ಮುಕ್ಕಾಲು ನಿಮಿಷವೋ ಬೇಕಾಗುತ್ತಿತ್ತು. ನಾನು ಮೆಸೇಜಿನಲ್ಲಿ "ಹಾಕಿದ!" ಎಂದು ಕಳಿಸಿದರೆ ಮಗನಿಂದ ಸಿಟ್ಟಿನ ಉತ್ತರ, "ಪಪ್ಪಾ, ಹೇಳ್ಬೇಡಿ, ಇಲ್ಲಿ ಇನ್ನೂ ಬಂದಿಲ್ಲ!" ಹಾಗಾಗಿ ಕಳಿಸುವುದು ನಿಲ್ಲಿಸಿದೆ.

ಆಟದ ವಿವರವೆಲ್ಲ ಬರೆಯುವುದಿಲ್ಲ. ಅನುಭವಿಗಳಾದ ವಾರಿಯರ್ಸ್ ಮೊದಲು ಹೆಚ್ಚು ನಿರಾಳವಾಗಿದ್ದರು. ಕಿಂಗ್ಸ್ ಹುಡುಗರಲ್ಲಿ ಹಲವರಿಗೆ ಅದು ಜೀವನದ ಮೊದಲ ಪ್ಲೇಆಫ್, ಕೈ ನಡುಗುತ್ತಿದ್ದದ್ದು ನಮಗೂ ಕಾಣುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಪ್ಪ ಕೂಗದೆ ಕೈಕಟ್ಟಿ ಕೂತಿದ್ದ. ಪಕ್ಕದ ಮಗಳು ಬೆನ್ನು ತಟ್ಟಿ ತಟ್ಟಿ ಸಮಾಧಾನ ಮಾಡುತ್ತಿದ್ದಳು. ಹದಿನಾರು ಸೀಸನ್ ಸೋತವರಿಗೆ ಗೆಲ್ಲುವ ಸಾಧ್ಯತೆಯೇ ಒಂದು ಹಿಂಸೆ. ವಿರಾಮದಲ್ಲಿ ನಾನು ವಿಡಿಯೋ ಕಾಲ್ ಮಾಡಿದೆ. ಸುತ್ತ ಟೀ ಶರ್ಟ್ ತೂರುವ ಗದ್ದಲ, ಪರದೆಯ ಮೇಲೆ ಕುಣಿಯುವವರ ಮುಖ, ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆಯ ವಾಸನೆ. ಅಪ್ಪಯ್ಯ ಪರದೆಗೆ ಕಿವಿ ಹತ್ತಿರ ತಂದರು.

"ಅದೆಂತ ಸದ್ದ್ ಮಾರಾಯಾ? ದನ ಹಟ್ಟಿಗ್ ಬಪ್ಪುಕಾಯ್ತಾ?"

ನಾನು ಫೋನನ್ನು ಎತ್ತಿ ಹಿಡಿದು ಒಂದು ಸುತ್ತು ತಿರುಗಿಸಿದೆ. ಮಧ್ಯಂತರದಲ್ಲೂ ಮೇಲಿನ ಸಾಲಿನವರು ಬಾರಿಸುವುದು ನಿಲ್ಲಿಸಿರಲಿಲ್ಲ. ಫೋನ್ ಮತ್ತೆ ಮುಖಕ್ಕೆ ತಂದಾಗ ಅಪ್ಪಯ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. "ಹೌದ್, ಇದ್ ಜನ್ರದ್ದೇ" ಎಂದರು. 2019ರ ಆ ಮಾತು ಅವರಿಗೂ ನೆನಪಿತ್ತು.

ಎರಡನೆಯ ಅರ್ಧದಲ್ಲಿ ಫಾಕ್ಸ್ ಬೇರೆಯೇ ಮನುಷ್ಯನಾದ. ಎತ್ತರ ನಮ್ಮ ಲೆಕ್ಕದಲ್ಲಿ ದೊಡ್ಡದು, ಅವರ ಲೆಕ್ಕದಲ್ಲಿ ಚಿಕ್ಕದು. ಆದರೆ ಎರಡು ಹೆಜ್ಜೆಯಲ್ಲಿ ಅರ್ಧ ಅಂಗಳ ದಾಟುತ್ತಾನೆ. ಅಂದು 38 ಅಂಕ ಹಾಕಿದ. ಬದಲಿ ಆಟಗಾರನಾಗಿ ಬಂದ ಮಲಿಕ್ ಮಂಕ್ 32. ಕರ್ರಿ 30. ಕೊನೆಯ ನಿಮಿಷ ನಾನು ಕೂತಿರಲಿಲ್ಲ, ಯಾರೂ ಕೂತಿರಲಿಲ್ಲ. ಕಿಂಗ್ಸ್ ಮೂರು ಅಂಕ ಮುಂದೆ, ಕೊನೆಯ ಕ್ಷಣ, ಚೆಂಡು ಕರ್ರಿಯ ಕೈಯಲ್ಲಿ. ಜಗತ್ತಿನಲ್ಲಿ ಆ ದೂರದಿಂದ ಮೂರಂಕದ ಚೆಂಡು ಹಾಕಬಲ್ಲವರಲ್ಲಿ ಅವನೇ ಮೊದಲಿಗ. ಎಸೆದ. ಆ ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು ಒಂದು ಗಂಟೆಯೂ ಅಲ್ಲಾಡಲಿಲ್ಲ. ಹದಿನೇಳು ಸಾವಿರ ಜನರ ಮೌನವನ್ನು ನಾನು ಅದಕ್ಕೆ ಮುಂಚೆ ಎಂದೂ ಕೇಳಿರಲಿಲ್ಲ. ಚೆಂಡು ಒಳಗೆ ಹೋಗಲಿಲ್ಲ. 126-123.

ಆಮೇಲೆ ಆದದ್ದನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಸಹೋದ್ಯೋಗಿ ಮಹಿಳೆ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು, ಅಳುತ್ತಿದ್ದರು. ಮುಂದಿನ ಸಾಲಿನ ಆ ಅಪ್ಪ ಕೈ ಕಟ್ಟಿದ್ದನ್ನು ಬಿಚ್ಚಿರಲಿಲ್ಲ, ಹಾಗೇ ಕೂತು ನಗುತ್ತಿದ್ದ. ಆ ಸೀಸನ್ನಿನಿಂದ ಒಂದು ಪದ್ಧತಿ ಶುರುವಾಗಿತ್ತು. ಕಿಂಗ್ಸ್ ಗೆದ್ದಾಗಲೆಲ್ಲ ಕ್ರೀಡಾಂಗಣದ ಚಾವಣಿಯಿಂದ ಆಕಾಶಕ್ಕೆ ನೇರಳೆ ಬೆಳಕಿನ ಕಂಬ ಬಿಡುತ್ತಾರೆ. ಬಹಳ ದೂರದವರೆಗೆ ಕಾಣುತ್ತದೆ. ಮನೆಯಲ್ಲಿ ಟಿವಿ ಇಲ್ಲದವನೂ ಕಿಟಕಿಯಿಂದ ನೋಡಿ ಗೆದ್ದರೆಂದು ತಿಳಿಯಬಹುದು. "ಲೈಟ್ ದ ಬೀಮ್!" ಎಂದು ಕೂಗುತ್ತಾ ಜನ ಹೊರಗೆ ಹರಿದರು. ನಾನೂ ಕೂಗಿದೆ. ಗಂಟಲು ಹೋಗಿತ್ತು.

ಆಗ ಫೋನ್ ಬಂತು. ಖಾರಘರದಲ್ಲಿ ಎಂಟೂವರೆ. ಅಪ್ಪಯ್ಯ. ಗೆದ್ದ ಸಂತೋಷ ಹೇಳಲು ಎಂದುಕೊಂಡೆ.

"ಅವ ಇವತ್ತ್ ಆಡುಕೆ ಹೋಪುದಾ, ಪರೀಕ್ಷೆಗ್ ಹೋಪುದಾ? ಎರಡೂ ಒಂಬತ್ತಕ್ಕೇ ಅಂಬ್ರ್."

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ಮಗ ಆಗ ಹನ್ನೆರಡರವನು. ನಮ್ಮ ಸೆಕ್ಟರಿನ ಶಾಲೆಯೊಂದರ ಸಿಮೆಂಟ್ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಕಲಿಯುತ್ತಿದ್ದ. ಏಳನೇ ತರಗತಿ ಶುರುವಾಗುವಾಗಲೇ ಜೆಇಇ ಫೌಂಡೇಶನ್ ಎಂಬ ಕ್ಲಾಸಿಗೆ ನಾನು ಸೇರಿಸಿದ್ದೆ. ಖಾರಘರದಲ್ಲಿ ಕ್ಲಾಸುಗಳಿಗೇನು ಬರ, ಹೆದ್ದಾರಿಯಿಂದ ಉತ್ಸವ ಚೌಕದವರೆಗೆ ಫಲಕಗಳೇ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರ ವಾರದ ಪರೀಕ್ಷೆ. ಬಾಸ್ಕೆಟ್‌ಬಾಲ್ ಅಭ್ಯಾಸವೂ ಅದೇ ಹೊತ್ತಿಗೆ. ಅಮೆರಿಕಕ್ಕೆ ಹೊರಡುವ ಮುನ್ನ ನಾನೇ ತೀರ್ಮಾನ ಮಾಡಿ ಬಂದಿದ್ದೆ, ಪರೀಕ್ಷೆ ಮೊದಲು ಎಂದು. ಮಗ ಹೂಂ ಎಂದಿದ್ದ. ಆಮೇಲೆ ಮೂರು ವಾರ ಅಂಗಳಕ್ಕೆ ಹೋಗಿರಲಿಲ್ಲ. ಅದು ನನಗೆ ಗೊತ್ತೇ ಇರಲಿಲ್ಲ, ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳದಿರುವುದಕ್ಕೆ ಕಾರಣ, ನಾನು ಕೇಳಿರಲಿಲ್ಲ.

ಮೈಮೇಲೆ ನೇರಳೆ ಅಂಗಿ, ಒಂದು ಕೈಯಲ್ಲಿ ದನದ ಗಂಟೆ, ಗಂಟಲು ಒಡೆದು ನಿಂತಿದ್ದ ನಾನು ಆ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. "ಪರೀಕ್ಷೆಗೆ ಹೋಗಲಿ" ಎನ್ನುವ ಮುಖ ನನಗಿರಲಿಲ್ಲ. ಅಪ್ಪಯ್ಯ ಆ ಹೊತ್ತನ್ನೇ ನೋಡಿ ಕೇಳಿದರೋ ಏನೋ. ಹೋಟೆಲಿನಲ್ಲಿ ಐವತ್ತು ವರ್ಷ ಗಿರಾಕಿಗಳನ್ನು ನೋಡಿದವರಿಗೆ ಯಾವಾಗ ಬಿಲ್ ಇಡಬೇಕೆಂದು ಗೊತ್ತಿರುತ್ತದೆ.

"ಆಡಲಿ" ಎಂದೆ. ಗದ್ದಲದಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದೆ. ಪಕ್ಕದಲ್ಲಿ ಹೋಗುತ್ತಿದ್ದವರು ನಾನೂ ತಂಡದ ಘೋಷಣೆಯನ್ನೇ ಕೂಗುತ್ತಿದ್ದೇನೆಂದು ತಿಳಿದು ಗಂಟೆ ಬಾರಿಸಿ ಉತ್ತರ ಕೊಟ್ಟರು.

ಮುಂದಿನದು ಸಿನಿಮಾದ ಹಾಗೆ ಆಗಲಿಲ್ಲ. ಕಿಂಗ್ಸ್ ಎರಡನೆಯ ಪಂದ್ಯವನ್ನೂ ಗೆದ್ದು, ಆಮೇಲೆ ಎಡವಿ, ಏಪ್ರಿಲ್ 30ರಂದು ಅದೇ ಕ್ರೀಡಾಂಗಣದಲ್ಲಿ ಏಳನೆಯ ಪಂದ್ಯವನ್ನು 100-120ರಿಂದ ಸೋತಿತು. ಕರ್ರಿ 50 ಅಂಕ ಹಾಕಿದ. ಏಳನೆಯ ಪಂದ್ಯವೊಂದರಲ್ಲಿ ಅಷ್ಟು ಅಂಕವನ್ನು ಅದುವರೆಗೆ ಯಾರೂ ಹಾಕಿರಲಿಲ್ಲ. ಅದನ್ನು ನಾನು ಫೋಲ್ಸಮ್‌ನ ಕೋಣೆಯಲ್ಲಿ ಒಬ್ಬನೇ ಟಿವಿಯಲ್ಲಿ ನೋಡಿದೆ. ಸೋಮವಾರ ಆಫೀಸಿನಲ್ಲಿ ಆ ಮಹಿಳೆಯ ಮೇಜಿನ ಮೇಲೆ ಗಂಟೆ ಇರಲಿಲ್ಲ. ಡ್ರಾಯರಿಗೆ ಹಾಕಿದ್ದರು. ಬುಧವಾರದ ಹೊತ್ತಿಗೆ ಮತ್ತೆ ಹೊರಗೆ ಬಂದಿತ್ತು.

ಕ್ಲಾಸಿನವರು ಭಾನುವಾರದ ಪರೀಕ್ಷೆಯನ್ನು ಬೇರೆ ಹೊತ್ತಿಗೆ ಬರೆಯಲು ಬಿಡಲಿಲ್ಲ. ಮಗನ ಶ್ರೇಣಿ ಕೆಳಗೆ ಹೋಯಿತು, ಒಂದು ವರ್ಷದ ಮೇಲೆ ಕ್ಲಾಸನ್ನೇ ಬಿಡಿಸಿದೆವು. ಅದು ಸರಿಯೋ ತಪ್ಪೋ ಎಂದು ರಾತ್ರಿ ಎಚ್ಚರವಾದಾಗ ಯೋಚನೆ ಬರುತ್ತದೆ. ಅವನೇನೂ ದೊಡ್ಡ ಆಟಗಾರನಲ್ಲ. ಎತ್ತರವೂ ನಮ್ಮ ವಂಶದ್ದೇ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ಪಿನ ಮೇಲಿನ ದರ್ಜೆಗೆ ಏರಿದ್ದರು. ಆ ಪಂದ್ಯದ ವಿಡಿಯೋವನ್ನು ಅವನು ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಈ ದೇಶದಲ್ಲಿ ಬಾಸ್ಕೆಟ್‌ಬಾಲಿನಿಂದ ಹೊಟ್ಟೆ ಹೊರೆಯುವುದು ಕಷ್ಟ ಎಂಬುದೂ ಅವನಿಗೆ ಗೊತ್ತಿದೆ. ಆದರೂ ಹೋಗುತ್ತಾನೆ.

ಆ 5ನೇ ಸಂಖ್ಯೆಯ ಜೆರ್ಸಿ ಅವನಿಗೆ ಈಗ ಚಿಕ್ಕದಾಗಿದೆ. ಫಾಕ್ಸ್ ಕೂಡ ಸ್ಯಾಕ್ರಮೆಂಟೋದಲ್ಲಿಲ್ಲ, 2025ರ ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋಗೆ ಹೋದ. ಸುದ್ದಿ ಬಂದ ದಿನ ಮಗ ಊಟ ಮಾಡಲಿಲ್ಲ. ನಾನು ಆ ಮಹಿಳೆಗೆ ಒಂದು ಸಾಲು ಬರೆದೆ. ಅವರಿಂದ ಬಂದ ಉತ್ತರದಲ್ಲಿ ಅರ್ಧ ಪುಟ ರಣದಿವೆಗೆ ಬೈಗುಳ, ಕೊನೆಗೆ ಮುಂದಿನ ಸೀಸನ್ನಿನ ಟಿಕೆಟ್ ನವೀಕರಿಸಿದ್ದೇನೆ ಎಂಬ ಸುದ್ದಿ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೀವು ನಮ್ಮ ಸೆಕ್ಟರಿನ ಕಡೆ ಬಂದರೆ ಶಾಲೆಯ ತಂತಿಬೇಲಿಯ ಹೊರಗೆ ಬಿಳಿ ಪಂಚೆ ಉಟ್ಟ ಒಬ್ಬ ಹಿರಿಯರು ನಿಂತಿರುವುದು ಕಾಣುತ್ತದೆ. ಒಳಗೆ ಕಟ್ಟೆ ಇದೆ, ಕೋಚ್ ಎಷ್ಟೋ ಸಲ ಕರೆದಿದ್ದಾರೆ, ಅವರು ಹೋಗಿ ಕೂರುವುದಿಲ್ಲ. ಚೆಂಡು ಬೇಲಿ ದಾಟಿ ರಸ್ತೆಗೆ ಬಂದರೆ ಎತ್ತಿಕೊಡಲು ಯಾರಾದರೂ ಬೇಕಲ್ಲ ಎನ್ನುತ್ತಾರೆ.